ಜೂಲಿಯನ್ನನ ಶಾಸನವೂ ಕ್ರೈಸ್ತ ಶಿಕ್ಷಣದಲ್ಲಿ ಉದಾರ ವಿದ್ಯೆಗಳ ಸ್ಥಾನವೂ

'ಲಿಬರಲ್ ಆರ್ಟ್ಸ್' ಎಂದು ಪಾಶ್ಚಾತ್ಯರು ಕರೆಯುವ ವಿದ್ಯಾಸಮೂಹವನ್ನು ನಾವು ಈ ಪ್ರಬಂಧದಲ್ಲಿ 'ಉದಾರ ವಿದ್ಯೆಗಳು' ಎಂದು ಕರೆದಿದ್ದೇವೆ. ಮೂಲದಲ್ಲಿ ಆ ಮಾತಿಗೆ ಔದಾರ್ಯದ ಅರ್ಥವಿರಲಿಲ್ಲ. ದಾಸನಲ್ಲದ ಸ್ವತಂತ್ರ ಪೌರನಿಗೆ ತಕ್ಕ ವಿದ್ಯೆ ಎಂಬುದೇ ರೋಮನರ ಅಭಿಪ್ರಾಯವಾಗಿದ್ದಿತು. ವ್ಯಾಕರಣ, ತರ್ಕ, ವಾಗ್ಮಿತೆ ಎಂಬ ತ್ರಿವಿದ್ಯೆಯೂ ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ ಎಂಬ ಚತುರ್ವಿದ್ಯೆಯೂ ಕೂಡಿ ಏಳಾದ ಈ ವಿದ್ಯೆಗಳು ಮಧ್ಯಯುಗದ ಯೂರೋಪಿನ ಶಿಕ್ಷಣಕ್ಕೆ ತಳಹದಿಯಾದುವು. ಕಳೆದ ಕೆಲವು ದಶಕಗಳಿಂದ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇವನ್ನು ಕ್ರೈಸ್ತ ಶ್ರದ್ಧೆಯೊಡನೆ ಬೆಸೆದು ಮತ್ತೆ ಬೋಧಿಸುವ ಶಾಲೆಗಳು ಅನೇಕವಾಗಿ ಹುಟ್ಟಿಕೊಂಡಿವೆ. ತಮ್ಮದು ಹೊಸ ಪ್ರಯೋಗವಲ್ಲ, ಪ್ರಾಚೀನ ಪರಂಪರೆಯ ಪುನರುದ್ಧಾರವೆಂಬುದು ಅವುಗಳ ಪ್ರತಿಪಾದನೆ. ಈ ಪ್ರತಿಪಾದನೆಯನ್ನು ಇಡಿಯಾಗಿ ಪರೀಕ್ಷಿಸುವುದು ನಮ್ಮ ಉದ್ದೇಶವಲ್ಲ. ಆ ಪರಂಪರೆಯ ಆದಿಯಲ್ಲಿಯೇ ಬಿದ್ದ ಒಂದು ಗಂಟನ್ನು ಮಾತ್ರ ಇಲ್ಲಿ ವಿಚಾರಕ್ಕೆ ಎತ್ತಿಕೊಳ್ಳುತ್ತೇವೆ: ತಾನು ನಂಬದ ದೇವತೆಗಳ ಕಥೆಯಿಂದ ತುಂಬಿದ ಗ್ರಂಥವನ್ನು ಒಬ್ಬ ಅಧ್ಯಾಪಕನು ಪಾಠ ಹೇಳಬಹುದೆ?

ಪ್ರಶ್ನೆಯ ತೀವ್ರತೆ ತಿಳಿಯಬೇಕಾದರೆ ಅಂದಿನ ಪಾಠಶಾಲೆಯ ಸ್ವರೂಪವನ್ನು ಮನಸ್ಸಿಗೆ ತಂದುಕೊಳ್ಳಬೇಕು. ರೋಮನ್ ಸಾಮ್ರಾಜ್ಯದ ಗ್ರೀಕ್ ಪ್ರಾಂತಗಳಲ್ಲಿ ಹುಡುಗನು ಅಕ್ಷರ ಕಲಿತೊಡನೆ ಹೋಮರನ ಕಾವ್ಯಕ್ಕೆ ಬರುತ್ತಿದ್ದನು. ಲ್ಯಾಟಿನ್ ಪ್ರಾಂತಗಳಲ್ಲಿ ಅದೇ ಸ್ಥಾನ ವರ್ಜಿಲನಿಗೆ ಸಂದಿದ್ದಿತು. ವೈಯಾಕರಣನು ಪದ್ಯವನ್ನು ಓದಿಸಿ, ಪದಗಳನ್ನು ಬಿಡಿಸಿ, ಅದರಲ್ಲಿ ಬರುವ ದೇವತೆಗಳ ವಂಶಾವಳಿಯನ್ನೂ ಚರಿತ್ರೆಯನ್ನೂ ವಿವರಿಸುತ್ತಿದ್ದನು. ಆಮೇಲೆ ವಾಗ್ಮಿತೆಯ ಗುರುವಿನ ಬಳಿಯಲ್ಲಿ ಅದೇ ಕಥಾವಸ್ತುವನ್ನು ಹಿಡಿದು ಭಾಷಣ ರಚನೆಯ ಅಭ್ಯಾಸ ನಡೆಯುತ್ತಿದ್ದಿತು. ಶಾಲೆಯ ಪಂಚಾಂಗವೂ ದೇವತೆಗಳದೇ. ಹೊಸ ಶಿಷ್ಯನ ಮೊದಲ ಶುಲ್ಕವು ವಿದ್ಯಾದೇವತೆಯಾದ ಮಿನರ್ವಳ ಗೌರವಕ್ಕೆ ಮೀಸಲಾಗುತ್ತಿದ್ದಿತು. ಹಬ್ಬದ ದಿನಗಳಲ್ಲಿ ಪಾಠಶಾಲೆಯನ್ನು ಹೂಗಳಿಂದ ಅಲಂಕರಿಸುವ ರೂಢಿಯಿದ್ದಿತು. ಈ ವಿವರಗಳನ್ನು ನಮಗೆ ಉಳಿಸಿಕೊಟ್ಟವನು ಕಾರ್ತೇಜಿನ ಕ್ರೈಸ್ತ ಲೇಖಕನಾದ ಟರ್ಟುಲಿಯನ್ ಎಂಬುದು ಸ್ವಾರಸ್ಯವಾದ ಸಂಗತಿ. ಸುಮಾರು ಕ್ರಿ. ಶ. 200ರಲ್ಲಿ, ವಿಗ್ರಹಾರಾಧನೆಯನ್ನು ಖಂಡಿಸಿ ಬರೆದ ಗ್ರಂಥದಲ್ಲಿ, ಅವನು ಇವನ್ನೆಲ್ಲ ದೋಷಗಳೆಂದು ಪಟ್ಟಿ ಮಾಡಿದ್ದಾನೆ.

ಟರ್ಟುಲಿಯನ್ನನ ತೀರ್ಪು ವಿಲಕ್ಷಣವಾದುದು. ಕ್ರೈಸ್ತನು ಸಾಹಿತ್ಯದ ಅಧ್ಯಾಪಕನಾಗತಕ್ಕದ್ದಲ್ಲ; ಏಕೆಂದರೆ ಪಾಠ ಹೇಳುವವನು ಬೇಡವೆಂದರೂ ಆ ದೇವತೆಗಳ ಹೆಸರಿಗೆ ಸಾಕ್ಷಿಯಾಗಿ ನಿಲ್ಲುತ್ತಾನೆ. ಆದರೆ ಕ್ರೈಸ್ತ ಬಾಲಕನು ವಿದ್ಯಾರ್ಥಿಯಾಗಿ ಆ ಶಾಲೆಗೆ ಹೋಗಬಹುದು; ಏಕೆಂದರೆ ಅಕ್ಷರವಿದ್ಯೆಯಿಲ್ಲದೆ ಲೋಕವ್ಯವಹಾರವೂ ನಡೆಯದು, ಧರ್ಮಗ್ರಂಥದ ಅಧ್ಯಯನವೂ ನಡೆಯದು. ಕಲಿಯುವವನು ತನಗೆ ಬೇಕಾದುದನ್ನು ತೆಗೆದುಕೊಂಡು ಬೇಡವಾದುದನ್ನು ಬಿಡಬಲ್ಲನು, ಕಲಿಸುವವನಿಗೆ ಆ ಸ್ವಾತಂತ್ರ್ಯವಿಲ್ಲ ಎಂಬುದು ಅವನ ತರ್ಕ. ಅಥೆನ್ಸಿಗೂ ಜೆರೂಸಲೇಮಿಗೂ ಏನು ಸಂಬಂಧವೆಂದು ಕೇಳಿದವನೆಂದೇ ಟರ್ಟುಲಿಯನ್ ಪ್ರಸಿದ್ಧನಾಗಿದ್ದಾನೆ. ನಮ್ಮ ವಿಷಯಕ್ಕೆ ಆ ಪ್ರಸಿದ್ಧ ಪ್ರಶ್ನೆಗಿಂತ ಅಧ್ಯಾಪಕನಿಗೂ ವಿದ್ಯಾರ್ಥಿಗೂ ಅವನು ಎಳೆದ ಈ ಗೆರೆಯೇ ಹೆಚ್ಚು ಮುಖ್ಯವಾದುದು. ಒಂದೂವರೆ ಶತಮಾನದ ಮೇಲೆ ಅದೇ ಗೆರೆಯನ್ನು ಎದುರು ಪಕ್ಷದ ಒಬ್ಬನು ಮತ್ತೆ ಎಳೆದನು. ಅವನೇ ಚಕ್ರವರ್ತಿ ಜೂಲಿಯನ್.

ಜೂಲಿಯನ್ ಕಾನ್‌ಸ್ಟಂಟೈನ್ ಚಕ್ರವರ್ತಿಯ ತಮ್ಮನ ಮಗ, ಕ್ರೈಸ್ತನಾಗಿ ಬೆಳೆದವನು. ಬಾಲ್ಯದಲ್ಲಿ ಮಾರ್ಡೋನಿಯಸ್ ಎಂಬ ಉಪಾಧ್ಯಾಯನು ಅವನಿಗೆ ಹೋಮರನ ರುಚಿ ಹತ್ತಿಸಿದನು. ನಿಕೊಮೀಡಿಯದಲ್ಲಿದ್ದಾಗ, ಹಳೆಯ ಮತಕ್ಕೆ ಸೇರಿದ ವಾಗ್ಮಿ ಲಿಬೇನಿಯಸ್ಸನ ಉಪನ್ಯಾಸಗಳಿಗೆ ಹೋಗಕೂಡದೆಂದು ಅವನಿಗೆ ಪ್ರತಿಬಂಧವಿದ್ದಿತು. ರಾಜಕುಮಾರನು ಹಣ ಕೊಟ್ಟು ಆ ಉಪನ್ಯಾಸಗಳ ಪ್ರತಿಗಳನ್ನು ತರಿಸಿಕೊಂಡು ಓದಿದನೆಂದು ಲಿಬೇನಿಯಸ್ಸನೇ ಹೇಳಿದ್ದಾನೆ. ಕ್ರಿ. ಶ. 355ರಲ್ಲಿ ಅವನು ಅಥೆನ್ಸಿನಲ್ಲಿ ಕೆಲವು ಕಾಲ ವ್ಯಾಸಂಗ ಮಾಡಿದಾಗ, ಮುಂದೆ ಕ್ರೈಸ್ತ ಧರ್ಮದ ಸ್ತಂಭಗಳೆನಿಸಿದ ಬೇಸಿಲ್ ಮತ್ತು ನಾಜಿಯಾನ್ಜಸ್ಸಿನ ಗ್ರೆಗರಿ ಅಲ್ಲಿಯೇ ವಿದ್ಯಾರ್ಥಿಗಳಾಗಿದ್ದರು. ಹೀಗೆ ಒಂದೇ ವಿದ್ಯೆಯ ಹಾಲು ಕುಡಿದವರಲ್ಲಿ ಒಬ್ಬನು 361ರಲ್ಲಿ ಸಿಂಹಾಸನವೇರಿ ಹಳೆಯ ದೇವತೆಗಳ ಆರಾಧನೆಯನ್ನು ಬಹಿರಂಗವಾಗಿ ಮತ್ತೆ ಎತ್ತಿಹಿಡಿದನು.

362ರ ಜೂನ್ 17ರಂದು ಅವನು ಹೊರಡಿಸಿದ ಶಾಸನವು ಥಿಯೊಡೋಸಿಯನ್ ಸಂಹಿತೆಯಲ್ಲಿ ಉಳಿದುಬಂದಿದೆ. ಅದನ್ನು ಮಾತ್ರ ಓದಿದವರಿಗೆ ಅದರಲ್ಲಿ ಆಕ್ಷೇಪಾರ್ಹವಾದುದು ಏನೂ ಕಾಣದು. ಅಧ್ಯಾಪಕನು ಮೊದಲು ಶೀಲದಲ್ಲಿ, ಆಮೇಲೆ ವಾಗ್ಮಿತೆಯಲ್ಲಿ ಮೇಲಾಗಿರಬೇಕು. ಅವನ ಯೋಗ್ಯತೆಯನ್ನು ನಗರಸಭೆ ಪರೀಕ್ಷಿಸಿ ನಿರ್ಣಯ ಮಾಡಬೇಕು. ಆ ನಿರ್ಣಯವು ಚಕ್ರವರ್ತಿಯ ಅವಗಾಹನೆಗೆ ಬರಬೇಕು ಎಂದಿಷ್ಟೇ ಅದರ ಸಾರ. ಕ್ರೈಸ್ತರ ಹೆಸರೇ ಅದರಲ್ಲಿಲ್ಲ. 'ಶೀಲ' ಎಂಬ ಮಾತಿನ ಒಳಗೆ ಏನು ಅಡಗಿದೆಯೆಂಬುದು ಅವನ ಒಂದು ಪತ್ರದಿಂದ ಹೊರಬೀಳುತ್ತದೆ. ಸುಂದರವಾಗಿ ಮಾತನಾಡುವುದೇ ವಿದ್ಯೆಯಲ್ಲ. ಒಳಿತು ಕೆಡುಕುಗಳ ವಿಷಯದಲ್ಲಿ ನಿಜವಾದ ತಿಳಿವು ಪಡೆದ ಆರೋಗ್ಯವಂತ ಮನಸ್ಸೇ ವಿದ್ಯೆ. ಒಂದನ್ನು ನಂಬಿ ಮತ್ತೊಂದನ್ನು ಬೋಧಿಸುವವನು ಕೆಟ್ಟ ಸರಕನ್ನು ಹೊಗಳಿ ಮಾರುವ ಕಿರಾಣಿ ವ್ಯಾಪಾರಿಗೆ ಸಮಾನ. ಹೋಮರ್, ಹೆಸಿಯಡ್, ಹೆರೊಡೊಟಸ್, ಥುಸಿಡಿಡೀಸ್ ಮೊದಲಾದವರಿಗೆ ದೇವತೆಗಳೇ ವಿದ್ಯೆಯ ಮಾರ್ಗದರ್ಶಕರಾಗಿದ್ದರು. ಆ ಗ್ರಂಥಗಳಿಂದ ಹೊಟ್ಟೆ ಹೊರೆಯುತ್ತ ಅವರ ದೇವತೆಗಳನ್ನು ಹಳಿಯುವುದು ನ್ಯಾಯವೆ? ತಾವು ಗೌರವಿಸದ ಗ್ರಂಥವನ್ನು ಪಾಠ ಹೇಳುವುದನ್ನು ಬಿಡಲಿ. ಇಲ್ಲವೆ 'ಗೆಲಿಲಿಯದವರ' ಗುಡಿಗಳಿಗೆ ಹೋಗಿ ಮತ್ತಾಯ ಲೂಕರ ಗ್ರಂಥಗಳಿಗೆ ವ್ಯಾಖ್ಯಾನ ಮಾಡಲಿ. ಅವನ ಮಾತಿನ ಧಾಟಿ ಇದು. ಪತ್ರದ ಕೊನೆಯಲ್ಲಿ ಕ್ರೈಸ್ತ ಬಾಲಕರು ಶಾಲೆಗೆ ಬರುವುದಕ್ಕೆ ಅಡ್ಡಿಯಿಲ್ಲವೆಂದು ಸ್ಪಷ್ಟಪಡಿಸಿದ್ದಾನೆ. ಕ್ರೈಸ್ತ ಮಕ್ಕಳಿಗೆ ವಿದ್ಯೆಯನ್ನೇ ನಿಷೇಧಿಸಿದನೆಂದು ಐದನೆಯ ಶತಮಾನದ ಚರ್ಚಿನ ಇತಿಹಾಸಕಾರರು ಬರೆದಿರುವುದನ್ನು ಈ ಮೂಲಪತ್ರದ ಎದುರಿಗೆ ಇಟ್ಟು ತೂಗಬೇಕು. ಅವನ ಗುರಿ ಬೋಧಕರ ಪೀಠವಾಗಿದ್ದಿತು. ಬೋಧಕರು ಕೈಗೆ ಬಂದರೆ ಮಕ್ಕಳು ತಾವಾಗಿಯೇ ಬರುವರೆಂಬ ಲೆಕ್ಕಾಚಾರವೂ ಅದರಲ್ಲಿದ್ದಿರಬೇಕು.

ಶಾಸನದ ಪರಿಣಾಮ ಕೂಡಲೇ ಕಂಡಿತು. ರೋಮಿನಲ್ಲಿ ವೃದ್ಧ ವಾಗ್ಮಿ ಮೇರಿಯಸ್ ವಿಕ್ಟೊರೈನಸ್ ತನ್ನ ಪೀಠವನ್ನು ಬಿಟ್ಟನು. ಅವನ ವಿದ್ವತ್ತಿಗೆ ಮೆಚ್ಚಿ ಫೋರಂನಲ್ಲಿ ಅವನ ಪ್ರತಿಮೆಯನ್ನು ನಿಲ್ಲಿಸಿದ್ದರು. ಇಳಿವಯಸ್ಸಿನಲ್ಲಿ ಅವನು ಕ್ರೈಸ್ತನಾಗಿದ್ದನು. ಅಥೆನ್ಸಿನಲ್ಲಿ ಪ್ರೊಹೆರೀಸಿಯಸ್ ಎಂಬ ಆರ್ಮೇನಿಯ ಮೂಲದ ಗುರುವಿಗೆ ಚಕ್ರವರ್ತಿಯು ವಿಶೇಷ ವಿನಾಯಿತಿ ಕೊಟ್ಟಿದ್ದನೆಂದೂ, ಅವನು ಅದನ್ನು ಒಲ್ಲದೆ ತಾನಾಗಿಯೇ ಬೋಧನೆಯನ್ನು ನಿಲ್ಲಿಸಿದನೆಂದೂ ಜೆರೋಮನು ದಾಖಲೆ ಮಾಡಿದ್ದಾನೆ. ಈ ಇಬ್ಬರು ಮುದುಕರೂ ಶಾಸನವನ್ನು ಕುರಿತು ವಾದ ಹೂಡಿದ ದಾಖಲೆಯಿಲ್ಲ. ಪೀಠದಿಂದ ಇಳಿದುಹೋದರು, ಅಷ್ಟೆ.

ಲವೊಡಿಸಿಯದ ಅಪೊಲಿನಾರಿಸ್ ಎಂಬ ತಂದೆ ಮಕ್ಕಳು ಬೇರೊಂದು ಉಪಾಯ ಮಾಡಿದರು. ಹೋಮರನಿಲ್ಲದಿದ್ದರೇನಂತೆ? ಬೈಬಲ್ಲಿನ ಪೂರ್ವಭಾಗವನ್ನು ಹೋಮರನ ಛಂದಸ್ಸಿನಲ್ಲಿ ಮಹಾಕಾವ್ಯವಾಗಿಯೂ ನಾಟಕಗಳಾಗಿಯೂ, ಸುವಾರ್ತೆಗಳನ್ನು ಪ್ಲೇಟೋವಿನ ಸಂವಾದಗಳ ಮಾದರಿಯಲ್ಲಿಯೂ ಬರೆದು ಹೊಸ ಪಠ್ಯಮಾಲೆಯನ್ನೇ ಸಿದ್ಧಪಡಿಸಿದರಂತೆ. ಸ್ವಮತದ ಗ್ರಂಥಗಳಿಂದಲೇ ಸಂಪೂರ್ಣ ಶಿಕ್ಷಣ ಕೊಡಬಹುದೆಂಬ ಯೋಜನೆಗೆ ಇತಿಹಾಸದಲ್ಲಿ ಇದಕ್ಕಿಂತ ಸಾಹಸದ ಉದಾಹರಣೆ ಸಿಕ್ಕಲಾರದು. ಅದರ ಗತಿಯೇನಾಯಿತು? ಮುಂದಿನ ಶತಮಾನದ ಚರ್ಚಿನ ಇತಿಹಾಸಕಾರ ಸಾಕ್ರಟೀಸ್ (ಪ್ರಸಿದ್ಧ ತತ್ತ್ವಜ್ಞಾನಿಯಲ್ಲ, ಕಾನ್‌ಸ್ಟಾಂಟಿನೋಪಲಿನ ಲೇಖಕ) ಆ ಕೃತಿಗಳು ಬರೆಯದೇ ಇದ್ದಂತೆಯೇ ಆದುವೆಂದು ಹೇಳಿ, ಅದಕ್ಕಾಗಿ ಮರುಗದೆ, ಕ್ರೈಸ್ತರು ಗ್ರೀಕ್ ವಿದ್ಯೆಯನ್ನು ಕಲಿಯುವುದು ಏಕೆ ಅವಶ್ಯಕವೆಂಬುದನ್ನು ವಿಸ್ತಾರವಾಗಿ ವಾದಿಸಿದ್ದಾನೆ. ಕ್ರೈಸ್ತ ಇತಿಹಾಸಕಾರನೊಬ್ಬನೇ ಕ್ರೈಸ್ತ ಪಠ್ಯಮಾಲೆಯ ನಾಶಕ್ಕೆ ಮರುಗದಿರುವುದನ್ನು ನಾವು ಗಮನಿಸಬೇಕು.

ಗ್ರೆಗರಿಯ ಪ್ರತಿಭಟನೆ ನೇರವಾದುದು. ಜೂಲಿಯನ್ನನ ಮರಣಾನಂತರ ಬರೆದ ನಿಂದಾಭಾಷಣದಲ್ಲಿ ಅವನು ಗ್ರೀಕ್ ಭಾಷೆಯೂ ವಾಕ್ಕೂ ಯಾವ ಮತದ ಸೊತ್ತೆಂದು ಕೇಳುತ್ತಾನೆ. ಅಕ್ಷರವನ್ನು ಕಂಡುಹಿಡಿದವರು ಒಬ್ಬರು, ಅಂಕಿಗಳನ್ನು ಕಂಡುಹಿಡಿದವರು ಮತ್ತೊಬ್ಬರು. ಹುಟ್ಟಿದ ನೆಲದವರಲ್ಲದೆ ಬೇರೆಯವರು ಬಳಸಕೂಡದೆಂದರೆ ಲೋಕದಲ್ಲಿ ಯಾರ ಕೈಯಲ್ಲಿ ಏನು ಉಳಿದೀತು? ಇದು ಬಲವಾದ ವಾದ. ಹಳೆಯ ಮತದವನೇ ಆದ, ಜೂಲಿಯನ್ನನನ್ನು ಬಹಳವಾಗಿ ಮೆಚ್ಚಿದ ಇತಿಹಾಸಕಾರ ಅಮಿಯೇನಸ್ ಮಾರ್ಸೆಲಿನಸ್ಸನೂ ಈ ಶಾಸನವು ನಿರ್ದಯವಾದುದು, ಶಾಶ್ವತವಾದ ಮೌನದಲ್ಲಿ ಹೂಳತಕ್ಕದ್ದು ಎಂದಿದ್ದಾನೆ. 363ರ ಜೂನ್ 26ರಂದು ಪಾರಸಿಕ ದಂಡಯಾತ್ರೆಯಲ್ಲಿ ಜೂಲಿಯನ್ ಮಡಿದನು. 364ರ ಜನವರಿಯಲ್ಲಿ ಅಧ್ಯಾಪಕರ ಮೇಲಿನ ನಿರ್ಬಂಧ ರದ್ದಾಯಿತು. ಶಾಸನದ ಆಯುಷ್ಯ ಎರಡು ವರ್ಷವೂ ತುಂಬಲಿಲ್ಲ.

ಶಾಸನ ಸತ್ತರೂ ಪ್ರಶ್ನೆ ಸಾಯಲಿಲ್ಲ. ಜೂಲಿಯನ್ನನನ್ನು ಮತಾಂಧನೆಂದು ತಳ್ಳಿಹಾಕುವುದು ಸುಲಭ. ಆದರೆ ಅವನ ಮಾತಿನಲ್ಲಿರುವ ಸತ್ಯಾಂಶವನ್ನು ಅಧ್ಯಾಪಕವೃತ್ತಿಯಲ್ಲಿರುವ ನಾವು ಅಲ್ಲಗಳೆಯಲಾರೆವು. ಅವನಿಗೆ ಹೋಮರ್ ಕೇವಲ ಭಾಷಾಭ್ಯಾಸದ ಸಾಮಗ್ರಿಯಾಗಿರಲಿಲ್ಲ, ಧರ್ಮಗ್ರಂಥವಾಗಿದ್ದನು. ಆ ಕಾವ್ಯವನ್ನು ಪೂರ್ಣವಾದ ಗಾಂಭೀರ್ಯದಿಂದ ಸ್ವೀಕರಿಸಬೇಕೆಂದು ಕೇಳಿದವನು ಅವನು. ಅವನ ವಿರೋಧಿಗಳು ಕೊಟ್ಟ ಪರಿಹಾರದಲ್ಲಿ ಕಾವ್ಯ ಉಳಿಯಿತು, ಆದರೆ ಅದರೊಳಗಿನ ದೇವತೆಗಳು ಅಲಂಕಾರದ ಗೊಂಬೆಗಳಾದರು. ಗೆಲವಿಗೆ ತೆತ್ತ ಬೆಲೆ ಇದು.

ಆ ಪರಿಹಾರದ ಸ್ವರೂಪವನ್ನು ಬೇಸಿಲನು ಗ್ರೀಕ್ ಸಾಹಿತ್ಯದ ಪ್ರಯೋಜನವನ್ನು ಕುರಿತು ತರುಣರಿಗೆ ಬರೆದ ಕಿರುಗ್ರಂಥದಲ್ಲಿ ಕಾಣಬಹುದು. ಜೇನುಹುಳು ಎಲ್ಲ ಹೂಗಳಿಗೂ ಹೋಗುವುದಿಲ್ಲ, ಹೋದ ಹೂವನ್ನೂ ಇಡಿಯಾಗಿ ಹೊತ್ತು ತರುವುದಿಲ್ಲ. ಹಾಗೆಯೇ ಓದುಗನು ಸದ್ಗುಣಕ್ಕೆ ಪೋಷಕವಾದುದನ್ನು ಹೀರಿ ಉಳಿದುದನ್ನು ಬಿಡಬೇಕೆಂಬುದು ಅವನ ಉಪದೇಶ. ಟರ್ಟುಲಿಯನ್ ವಿದ್ಯಾರ್ಥಿಗೆ ಮಾತ್ರ ಕೊಟ್ಟಿದ್ದ ಆಯ್ಕೆಯ ಹಕ್ಕು ಇಲ್ಲಿ ಒಂದು ಬೋಧನಕ್ರಮವಾಗಿ ಬೆಳೆದಿದೆ. ಹದಿನೈದನೆಯ ಶತಮಾನದ ಆರಂಭದಲ್ಲಿ ಲಿಯೊನಾರ್ಡೊ ಬ್ರೂನಿ ಇದನ್ನು ಲ್ಯಾಟಿನಿಗೆ ತಂದ ಮೇಲೆ ಇಟಲಿಯ ಮಾನವತಾವಾದಿಗಳಿಗೆ ಇದೇ ಗುರಾಣಿಯಾಯಿತು.

ಲ್ಯಾಟಿನ್ ಪಶ್ಚಿಮದಲ್ಲಿ ಆಗಸ್ಟೀನನ ಮಾತೇ ಪ್ರಮಾಣವಾಯಿತು. ಅವನು ಸ್ವತಃ ಮಿಲಾನಿನಲ್ಲಿ ವಾಗ್ಮಿತೆಯ ಪೀಠದಲ್ಲಿದ್ದು 386ರಲ್ಲಿ ಅದನ್ನು ತ್ಯಜಿಸಿದವನು. ಈಜಿಪ್ಟಿನಿಂದ ಹೊರಟ ಇಸ್ರೇಲರು ಅಲ್ಲಿಯವರ ಬೆಳ್ಳಿಬಂಗಾರಗಳನ್ನು ಒಯ್ದಂತೆ, ಅನ್ಯಮತೀಯರ ವಿದ್ಯೆಯನ್ನು ಕ್ರೈಸ್ತರು ತಮ್ಮ ಉಪಯೋಗಕ್ಕೆ ತರಬಹುದೆಂಬ ಅವನ ದೃಷ್ಟಾಂತವು ಬೇಸಿಲನ ಜೇನುಹುಳುವಿಗಿಂತ ಒರಟಾದುದು. ಜೇನು ಹೀರಿದರೆ ಹೂವಿಗೆ ನಷ್ಟವಿಲ್ಲ; ಬಂಗಾರವನ್ನು ಒಯ್ದರೆ ಹಳೆಯ ಒಡೆಯನ ಮನೆ ಬರಿದಾಗುತ್ತದೆ. 'ಕ್ರೈಸ್ತ ಬೋಧನೆ' ಎಂಬ ಆ ಗ್ರಂಥದ ನಾಲ್ಕನೆಯ ಭಾಗದಲ್ಲಿ ಸಿಸೆರೋವಿನ ಮೂರು ಶೈಲಿಗಳ ವಿಭಾಗವನ್ನು ಹಾಗೆಯೇ ಇರಿಸಿಕೊಂಡು, ಉದಾಹರಣೆಗಳನ್ನು ಮಾತ್ರ ಪೌಲನಿಂದಲೂ ಸಿಪ್ರಿಯನ್ ಮತ್ತು ಆಂಬ್ರೋಸರಿಂದಲೂ ಕೊಟ್ಟಿದ್ದಾನೆ. ಒಂದು ದೃಷ್ಟಿಯಿಂದ ಇದು ಅಪೊಲಿನಾರಿಸರ ಯೋಜನೆಯೇ. ಹೆಚ್ಚು ಜಾಣತನದಿಂದ ನಡೆದುದು, ಆದುದರಿಂದಲೇ ಬಾಳಿದುದು.

ಆರನೆಯ ಶತಮಾನದಲ್ಲಿ ಕ್ಯಾಸಿಯೋಡೋರಸನು ಪೋಪ್ ಅಗಪೀಟಸ್ಸನೊಡನೆ ಕೂಡಿ ರೋಮಿನಲ್ಲಿ ಕ್ರೈಸ್ತ ವಿದ್ಯಾಪೀಠವೊಂದನ್ನು ತೆರೆಯಲು ಯತ್ನಿಸಿದನು. ಲೌಕಿಕ ವಿದ್ಯೆಗಳಿಗೆ ಅಧ್ಯಾಪಕರು ಧಾರಾಳವಾಗಿರುವಾಗ ಧರ್ಮಗ್ರಂಥಕ್ಕೆ ಬಹಿರಂಗ ಬೋಧಕರಿಲ್ಲವೆಂಬುದು ಅವನ ಕೊರಗಾಗಿದ್ದಿತು. ಇಟಲಿಯನ್ನು ಕವಿದ ಯುದ್ಧದಿಂದ ಆ ಯೋಜನೆ ಮುರಿದುಬಿದ್ದಿತು. ಆಮೇಲೆ ದಕ್ಷಿಣ ಇಟಲಿಯ ತನ್ನ ಹುಟ್ಟೂರಿನ ಬಳಿ ವಿವೇರಿಯಂ ಎಂಬ ಮಠವನ್ನು ಕಟ್ಟಿಸಿ, ಅಲ್ಲಿಯ ಸನ್ಯಾಸಿಗಳಿಗಾಗಿ ಎರಡು ಭಾಗಗಳ ಕೈಪಿಡಿಯೊಂದನ್ನು ಬರೆದನು: ಮೊದಲನೆಯದು ದೈವಿಕ ಗ್ರಂಥಗಳ ಪರಿಚಯ, ಎರಡನೆಯದು ಏಳು ಉದಾರ ವಿದ್ಯೆಗಳ ಪರಿಚಯ. ಮಧ್ಯಯುಗದ ಶಾಲೆಗಳಲ್ಲಿ ಬಹಳವಾಗಿ ಓದಲ್ಪಟ್ಟ ಮಾರ್ಶಿಯಾನಸ್ ಕಪೆಲ್ಲನ ಗ್ರಂಥದಲ್ಲಿಯಾದರೋ ಏಳು ವಿದ್ಯೆಗಳು ಮರ್ಕ್ಯುರಿ ದೇವತೆಯ ಮದುವೆಯಲ್ಲಿ ವಧುವಿನ ಸಖಿಯರಾಗಿ ಬರುತ್ತಾರೆ. ಕ್ರೈಸ್ತ ಸನ್ಯಾಸಿಗಳು ಶತಮಾನಗಳ ಕಾಲ ಈ ಅನ್ಯಮತೀಯ ದಿಬ್ಬಣದ ವರ್ಣನೆಯನ್ನು ಪ್ರತಿಮಾಡಿ ಕಲಿತರು. ಯಾರೂ ಜೂಲಿಯನ್ನನಂತೆ ಆಕ್ಷೇಪಿಸಲಿಲ್ಲ. ವಿಶ್ವವಿದ್ಯಾನಿಲಯಗಳ ಕಾಲದಲ್ಲಿ ಅರಿಸ್ಟಾಟಲನ ಬೋಧನೆಯ ಸಂಬಂಧವಾಗಿ ಜಗಳ ಮತ್ತೆ ಎದ್ದಿತು. 1272ರಲ್ಲಿ ಪ್ಯಾರಿಸಿನ ಕಲಾವಿಭಾಗವು ತನ್ನ ಅಧ್ಯಾಪಕರು ಶುದ್ಧ ದೇವತಾಶಾಸ್ತ್ರದ ಪ್ರಶ್ನೆಗಳನ್ನು ನಿರ್ಣಯಿಸತಕ್ಕದ್ದಲ್ಲವೆಂದು ನಿಯಮ ಮಾಡಿತು. ಜೆಸುಯಿಟರು 1599ರಲ್ಲಿ ಪ್ರಕಟಿಸಿದ ಶಿಕ್ಷಣಕ್ರಮದಲ್ಲಿ ಸಿಸೆರೋವಿಗೆ ಅಗ್ರಸ್ಥಾನ ದೊರೆಯಿತು.

ಈಗ ಇಂದಿನ ಶಾಲೆಗಳ ಮಾತಿಗೆ ಬರೋಣ. ಇವುಗಳಿಗೆ ಪ್ರೇರಣೆಯಾದುದು 1947ರಲ್ಲಿ ಡೊರೊಥಿ ಸೇಯರ್ಸ್ ಆಕ್ಸ್‌ಫರ್ಡಿನಲ್ಲಿ ಮಾಡಿದ ಒಂದು ಉಪನ್ಯಾಸ. ಪತ್ತೇದಾರಿ ಕಾದಂಬರಿಗಳಿಂದ ಹೆಸರಾಗಿ ಮುಂದೆ ಡಾಂಟೆಯನ್ನು ಭಾಷಾಂತರಿಸಿದ ಈ ಲೇಖಕಿ, ವ್ಯಾಕರಣ, ತರ್ಕ, ವಾಗ್ಮಿತೆಗಳನ್ನು ಮಗುವಿನ ಬೆಳವಣಿಗೆಯ ಮೂರು ಅವಸ್ಥೆಗಳಿಗೆ ಹೊಂದಿಸಿದರು: ಗಿಳಿಯಂತೆ ಬಾಯಿಪಾಠ ಮಾಡುವ ವಯಸ್ಸು, ಎದುರುತ್ತರ ಕೊಡುವ ವಯಸ್ಸು, ಭಾವನೆ ಅರಳುವ ವಯಸ್ಸು. 1981ರಲ್ಲಿ ಐಡಹೋ ಸಂಸ್ಥಾನದ ಮಾಸ್ಕೋ ಪಟ್ಟಣದಲ್ಲಿ ಆರಂಭವಾದ ಲೋಗೋಸ್ ಶಾಲೆಯೂ, ಅದರ ಸ್ಥಾಪಕರಲ್ಲೊಬ್ಬರಾದ ಡಗ್ಲಸ್ ವಿಲ್ಸನ್ 1991ರಲ್ಲಿ ಪ್ರಕಟಿಸಿದ ಪುಸ್ತಕವೂ ಈ ವಿಚಾರವನ್ನು ವ್ಯಾಪಕವಾಗಿ ಹರಡಿದುವು. ಇದರ ಬೋಧನೋಪಯೋಗವೇನೇ ಇರಲಿ, ಮಧ್ಯಯುಗದವರಿಗೆ ತ್ರಿವಿದ್ಯೆಯು ಮೂರು ಶಾಸ್ತ್ರಗಳಾಗಿದ್ದಿತೇ ಹೊರತು ಮೂರು ವಯಸ್ಸುಗಳಾಗಿರಲಿಲ್ಲ. ಸೇಯರ್ಸ್ ಈ ಅವಸ್ಥೆಗಳನ್ನು ತಮ್ಮ ಬಾಲ್ಯದ ನೆನಪಿನಿಂದ ತೆಗೆದುದಾಗಿ ಮರೆಮಾಚದೆ ಹೇಳಿದ್ದಾರೆ; ಅದನ್ನು ಪ್ರಾಚೀನ ಪರಂಪರೆಯೆಂದು ಭಾವಿಸಿದವರು ಅವರ ಅನುಯಾಯಿಗಳು.

ಇದಕ್ಕಿಂತ ಗುರುತರವಾದುದು ಅಧ್ಯಾಪಕನ ಅರ್ಹತೆಯ ವಿಷಯ. ಇಂತಹ ಶಾಲೆಗಳಲ್ಲಿ ಹಲವು ತಮ್ಮ ಅಧ್ಯಾಪಕರು ಒಂದು ನಿರ್ದಿಷ್ಟ ಶ್ರದ್ಧಾವಾಕ್ಯಕ್ಕೆ ಸಮ್ಮತಿ ಸೂಚಿಸಬೇಕೆಂದು ಬಯಸುತ್ತವೆ. ಅಲ್ಲಿ ಓದುವ ಹುಡುಗರು ಹೋಮರನನ್ನೂ ವರ್ಜಿಲನನ್ನೂ ಓದುತ್ತಾರೆ; ಕಲಿಸುವವರು ಮಾತ್ರ ಒಂದೇ ಶ್ರದ್ಧೆಯವರಾಗಿರಬೇಕು. ಅವರ ಸಮರ್ಥನೆ ನಿಸ್ಸಾರವಾದುದಲ್ಲ: ಅಧ್ಯಾಪಕನು ಪಠ್ಯವನ್ನು ದಾಟಿಸುವ ಕೊಳವೆಯಲ್ಲ, ಅವನ ಬಾಳು ನಂಬಿಕೆಗಳೂ ಪಾಠದ ಅಂಗಗಳೆಂದು ಅವರು ಹೇಳುತ್ತಾರೆ. ಖಾಸಗಿ ಶಾಲೆಯ ನಿಯಮಕ್ಕೂ ಚಕ್ರವರ್ತಿಯ ಶಾಸನಕ್ಕೂ ಅಂತರವಿದೆಯೆಂಬುದನ್ನೂ ನಾವು ಬಲ್ಲೆವು. ಆದರೆ ಶೀಲವು ಮೊದಲು, ವಾಗ್ಮಿತೆ ಆಮೇಲೆ, ಶೀಲವೆಂದರೆ ಸರಿಯಾದ ಶ್ರದ್ಧೆ ಎಂಬ ತರ್ಕ 362ರ ಜೂನ್ ತಿಂಗಳಿನದು. ಗ್ರೆಗರಿ ಅದನ್ನು ವಿರೋಧಿಸಿದನು, ಸಾಕ್ರಟೀಸ್ ವಿರೋಧಿಸಿದನು, ಹಳೆಯ ಮತದ ಅಮಿಯೇನಸ್ಸನೂ ವಿರೋಧಿಸಿದನು. ಲಿಬೇನಿಯಸ್ಸನ ಶಿಷ್ಯರಲ್ಲಿ ಕ್ರೈಸ್ತರಿದ್ದರು; ಬಾಯಲ್ಲಿ ಚಿನ್ನವುಳ್ಳವನೆಂದು ಹೆಸರಾದ ಜಾನ್ ಕ್ರಿಸಾಸ್ಟಮನೂ ಅವನ ಶಿಷ್ಯನೆಂದು ಪ್ರತೀತಿಯಿದೆ. ಅನ್ಯಮತದ ಗುರುವಿನಿಂದ ಕಲಿತ ಬಿಷಪ್ಪರಿಲ್ಲದೆ ಕ್ರೈಸ್ತ ವಾಗ್ಮಿತೆಯ ಆ ಸುವರ್ಣಯುಗವೇ ಇರುತ್ತಿರಲಿಲ್ಲ.

ಕನ್ನಡನಾಡಿನಲ್ಲಿ ಈ ಪ್ರಶ್ನೆ ತಲೆಕೆಳಗಾಗಿ ಬಂದಿತು. 1880ರಲ್ಲಿ ಜೆಸುಯಿಟರು ಮಂಗಳೂರಿನಲ್ಲಿ ಸ್ಥಾಪಿಸಿದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಗುರುಗಳು ಒಂದು ಮತದವರು, ವಿದ್ಯಾರ್ಥಿಗಳು ಹಲವು ಮತದವರು. ಅದಕ್ಕೂ ಮೊದಲೇ, ಅದೇ ಊರನ್ನು ನೆಲೆಯಾಗಿ ಮಾಡಿಕೊಂಡ ಬಾಸೆಲ್ ಮಿಶನ್ನಿನ ಫರ್ಡಿನಂಡ್ ಕಿಟ್ಟೆಲ್ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ರಚಿಸಿದ್ದರು. ಅಪೊಲಿನಾರಿಸರ ದಾರಿ ಎಂದರೆ ತಪ್ಪಾಗದು. ಆದರೆ ಕಿಟ್ಟೆಲ್ಲರು ಅಲ್ಲಿಯೇ ನಿಲ್ಲಲಿಲ್ಲ. ಜೈನ ವೈಯಾಕರಣನಾದ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿಯೂ ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿಯೂ ಸಂಪಾದಿಸಿ ಮಂಗಳೂರಿನಲ್ಲಿ ಮುದ್ರಿಸಿದರು. 1894ರಲ್ಲಿ ಅವರ ನಿಘಂಟು ಹೊರಬಂದಿತು. ಕೇಶಿರಾಜನನ್ನು ಸಂಪಾದಿಸಲು ಜೈನನಾಗಬೇಕೆಂದು ಯಾರೂ ಅವರನ್ನು ಕೇಳಲಿಲ್ಲ. ಇಂದು ಕಿಟ್ಟೆಲ್ಲರ ನಿಘಂಟು ಮನೆಮಾತಾಗಿದೆ, 'ಕಥಾಮಾಲೆ'ಯನ್ನು ಬಲ್ಲವರು ವಿರಳ.

ನಮ್ಮ ಕಾಲೇಜುಗಳ ಕನ್ನಡ ತರಗತಿಗಳಲ್ಲಿ ಪಂಪನ 'ಆದಿಪುರಾಣ'ವನ್ನು ಬೋಧಿಸುವವರಲ್ಲಿ ಹೆಚ್ಚಿನವರು ಜೈನರಲ್ಲ. ತನ್ನ ಎರಡು ಕಾವ್ಯಗಳಲ್ಲಿ ಒಂದು ಲೌಕಿಕವನ್ನೂ ಮತ್ತೊಂದು ಜಿನಾಗಮವನ್ನೂ ಬೆಳಗುವುದೆಂದು ಪಂಪನೇ ವಿಂಗಡಿಸಿ ಹೇಳಿರುವುದು ಎಲ್ಲರೂ ಬಲ್ಲ ಸಂಗತಿ. ಲೌಕಿಕವಾದ ಭಾರತಕಥೆಯನ್ನು ಪಾಠ ಹೇಳುವಾಗ ನಮಗೆ ತೊಡಕಿಲ್ಲ. ನೀಲಾಂಜನೆಯ ನೃತ್ಯದ ಪ್ರಸಂಗಕ್ಕೆ ಬಂದಾಗ ರಸವನ್ನು ವಿವರಿಸಿ, ಅಲಂಕಾರವನ್ನು ಬಿಡಿಸಿ, ಆದಿದೇವನ ವೈರಾಗ್ಯವನ್ನು ಕಥೆಯ ಒಂದು ತಿರುವೆಂದು ದಾಟಿಬಿಡುವ ಅಭ್ಯಾಸ ಅಧ್ಯಾಪಕರಲ್ಲಿ ಸಾಮಾನ್ಯವಾಗಿದೆ. ಆ ವೈರಾಗ್ಯವೇ ನಿಜವೆಂದು ನಂಬಿ ಬರೆದ ಕವಿಯ ಪರವಾಗಿ ತರಗತಿಯಲ್ಲಿ ಒಂದು ಗಂಟೆಯಾದರೂ ಮಾತನಾಡಬಲ್ಲ ಅಧ್ಯಾಪಕನು, ಅವನ ಮತ ಯಾವುದೇ ಆಗಿರಲಿ, ಜೂಲಿಯನ್ನನ ಪತ್ರಕ್ಕೆ ಉತ್ತರ ಕೊಟ್ಟಂತಾಗುತ್ತದೆ. ಆ ಉತ್ತರವನ್ನು ಬೇಸಿಲನೂ ಆಗಸ್ಟೀನನೂ ಕೊಟ್ಟಿರಲಿಲ್ಲ.